ಎರಡನೇ ವೆಸ್‌ಗೆ, ಕೆಂಪು ಫ್ಯಾನುಗಳ ಬಗ್ಗೆ

ಬರ್ನ್ಟ್ ಪೈನ್, ನಾರ್ಫೋಕ್ ದ್ವೀಪ
ಮಾರ್ಚ್ 24, 2024, ಭಾನುವಾರ ಮಧ್ಯಾಹ್ನ

ಪ್ರೀತಿಯ ವೆಸ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಇಲ್ಲಿ ಯಾರೋ ತೀರಿಕೊಂಡಿರಬೇಕು ಅಂದುಕೊಂಡಿರುತ್ತೀಯ. ನಿಜ. ತೀರಿಕೊಂಡದ್ದು ಒಂದು ಹಲ್ಲಿ. ಅದು ಹೋಗುವಾಗ ನನ್ನ ಕಂಪ್ಯೂಟರನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ನಾಲ್ಕು ವರ್ಷದಲ್ಲಿ ನಿನಗೆ ಕಳಿಸಿದ್ದು ನಾಲ್ಕು ಕ್ರಿಸ್‌ಮಸ್ ಕಾರ್ಡು. ನಾಲ್ಕರಲ್ಲೂ ಮಳೆ ಗಾಳಿಯ ಸಮಾಚಾರ. ಇವತ್ತು ಮಳೆಯೂ ಇಲ್ಲ, ಗಾಳಿಯೂ ಇಲ್ಲ. ನಿನಗೆ ಹೇಳುವುದು ಒಂದಿದೆ, ಕೇಳುವುದು ಒಂದಿದೆ. ಕೇಳುವುದನ್ನು ಕೊನೆಗೆ ಇಟ್ಟಿದ್ದೇನೆ. ಮೊದಲೇ ಕೇಳಿಬಿಟ್ಟರೆ ನೀನು ಉಳಿದದ್ದನ್ನು ಓದದೆ ಮಡಚಿ ಡ್ರಾಯರಿಗೆ ತಳ್ಳುತ್ತೀಯ. ನಿನ್ನ ಡ್ರಾಯರ್‌ಗಳು ನನಗೆ ಗೊತ್ತು.

ಲಾರ್ಡ್ ಹೌ ದ್ವೀಪದ ಬರ್ನಿಸ್ ನೆನಪಿದ್ದಾಳಲ್ಲ, ಪೋಸ್ಟಾಫೀಸಿನ ದೊಡ್ಡ ನಗುವಿನ ಹೆಂಗಸು? ಅವಳೀಗ ಸುತ್ತಲಿನ ದ್ವೀಪದವರನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಕಾರ್ ಓಟದ ಪಂದ್ಯ ಏರ್ಪಡಿಸಿದ್ದಾಳೆ. ನಾವಿಬ್ಬರು ಮುಂದಿನ ಕೋಣೆಯಲ್ಲಿ ಪಕ್ಕಪಕ್ಕ ಕೂತು ಆಡುತ್ತಿದ್ದೆವಲ್ಲ, ಅದೇ ಆಟ. ಚಾವಣಿಗಳ ಮೇಲೆ ಇಂಟರ್ನೆಟ್ಟಿನ ಹೊಸ ಡಿಶ್‌ಗಳು ಬಂದಮೇಲೆ ಸಮುದ್ರ ದಾಟಿಯೂ ಆಡಬಹುದು. ಮೇ ಮೊದಲ ಭಾನುವಾರದಿಂದ, ಮಧ್ಯಾಹ್ನ ಮೂರಕ್ಕೆ. ಒಂದೊಂದು ತಂಡಕ್ಕೆ ಇಬ್ಬರು. ಏಪ್ರಿಲ್ ಕೊನೆಯೊಳಗೆ ಇಬ್ಬರೂ ಕಂಪ್ಯೂಟರ್ ಸಮೇತ ತಯಾರಿರಬೇಕು, ಇಲ್ಲವಾದರೆ ಜಾಗ ಕಾದು ಕೂತಿರುವ ನೂಮಿಯಾದವರಿಗೆ. ನಾನು ಫಾರಂ ತರಿಸಿಕೊಂಡೆ. ಅದೇ ವಾರ ಹಲ್ಲಿ ಮದರ್‌ಬೋರ್ಡಿನ ಮೇಲೆ ಮಲಗಿತು. ಹಲ್ಲಿ ಸತ್ತಿತು, ಪೆಟ್ಟಿಗೆ ಕೆಟ್ಟಿತು.

ಜೋಡಿಸಿದ್ದನ್ನೇ ತರಿಸಿಬಿಡು ಎಂದರು ಎಲ್ಲರೂ. ನಾನು ಬಿಡಿಭಾಗ ತರಿಸಿ ನಾನೇ ಕಟ್ಟುತ್ತೇನೆ ಎಂದೆ. ಯಾಕೆ ಅಂತ ನಿನಗೆ ಗೊತ್ತಾಗುತ್ತದೆ. ನಿನ್ನ ಅಣ್ಣ ಬಿದ್ದು ಸೊಂಟ ಮುರಿದುಕೊಂಡಾಗ ಮೂರು ತಿಂಗಳಿಗೆಂದು ನೀನು ಸಮುದ್ರದಾಚೆಯ ಬೆಂಡಿಗೋಗೆ ಹೊರಟೆ, ನನ್ನನ್ನೂ ಕರೆದೆ. ನನಗೆ ಕೆಂಟಿಯಾ ತಾಳೆಯ ಬೀಜ ಆರಿಸುವ ಕೆಲಸವಿತ್ತು, ಅದಕ್ಕಿಂತ ಹೆಚ್ಚಾಗಿ ಮೊಂಡುತನವಿತ್ತು. ವಿಮಾನದ ಮೆಟ್ಟಿಲ ಹತ್ತಿರ ನಾನು ಅಂದ ಮಾತು ನಿನಗೂ ನೆನಪಿರುತ್ತದೆ: "ಹೋಗು, ಯಾವಾಗ್ಲೂ ಹಾಗೇ. ಒಳ್ಳೇದೆಲ್ಲ ನಿಂಗೆ, ಉಳಿದದ್ದು ನಂಗೆ." ಪ್ರಾಸ ಸರಿಯಾಗಿ ಕೂತಿತ್ತು, ಅದಕ್ಕೇ ಬಾಯಿಂದ ಬಂತು ಅಂತ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ನೀನು ಉತ್ತರ ಕೊಡದೆ ಮೆಟ್ಟಿಲು ಹತ್ತಿದೆ. ಅಣ್ಣನ ಸೊಂಟ ಕೂಡಿತು. ನೀನು ಬರಲಿಲ್ಲ, ನಾನು ಕರೆಯಲಿಲ್ಲ. ನೀನಿಲ್ಲದೆಯೂ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ ಅಂತ ತೋರಿಸಬೇಕಿತ್ತು. ಯಾರಿಗೆ ತೋರಿಸುವುದು ಅಂತ ಆಗ ಯೋಚಿಸಲಿಲ್ಲ.

ಹಡಗು ಬಂದು ಒಂಬತ್ತು ದಿನ ದಡದಾಚೆ ನಿಂತಿತ್ತು. ಅಲೆ ಇಳಿಯಲೇ ಇಲ್ಲ. ಹತ್ತನೇ ದಿನ ಸರಕು ಇಳಿಸುವ ದೋಣಿಗಳು ಹೊರಟವು. ಅರ್ಧ ದ್ವೀಪ ಕ್ಯಾಸ್ಕೇಡ್ ದೋಣಿಕಟ್ಟೆಯ ಮೇಲೆ ನಿಂತು ಯಾರಿಗೆ ಏನು ಬಂತು ಅಂತ ನೋಡುತ್ತಿತ್ತು. ನನ್ನ ಡಬ್ಬ ಕ್ರೇನಿನ ಕೊಕ್ಕೆಯಲ್ಲಿ ಒಂದು ಸುತ್ತು ತಿರುಗಿತು. ಏನಾದರೂ ಒಡೆದರೆ ಮುಂದಿನ ಹಡಗಿಗೆ ಎರಡು ತಿಂಗಳು, ಅಷ್ಟರಲ್ಲಿ ನಮ್ಮ ಜಾಗ ನೂಮಿಯಾದವರಿಗೆ ಹೋಗಿರುತ್ತದೆ.

ದೋಣಿಯ ಮೋಟರು ರಿಪೇರಿ ಮಾಡುವ ನಮ್ಮ ಗುಂಡುಸೂಜಿ ಮಾಮ ಪಕ್ಕದಲ್ಲೇ ನಿಂತಿದ್ದ. ಎಪ್ಪತ್ತು ದಾಟಿದರೂ ಬಾಯಿ ಮಾತ್ರ ತುಕ್ಕು ಹಿಡಿದಿಲ್ಲ.

"ಏನೇ ನೆಲ್, ಗಂಡ ಇಲ್ದೆ ಗಣಕ ಕಟ್ತೀಯಂತೆ?"

"ಗಂಡ ಇದ್ದಾಗ ಬರೀ ಗಲಾಟೆ ಕಟ್ಟಿದ್ದಾಯ್ತು ಮಾಮ. ಈಗ ಗಣಕ."

"ಎರಡನೇ ವೆಸ್ ಇದ್ದಿದ್ರೆ ಒಂದು ಮಧ್ಯಾಹ್ನದ ಕೆಲಸ ಇದು."

"ಅವನು ಇದ್ದಿದ್ರೆ ಒಳ್ಳೇ ಭಾಗ ಎಲ್ಲ ಅವನ ಪೆಟ್ಟಿಗೆಗೆ ಹೋಗ್ತಿತ್ತು."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಈ ನಗುವನ್ನು ದಯವಿಟ್ಟು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಹರಡಿಕೊಂಡೆ. ಬರಿಗಾಲಲ್ಲಿ ನಿಂತು, ಮೈಯ ವಿದ್ಯುತ್ತು ಇಳಿಯಲೆಂದು ಆಗಾಗ ಒಲೆಯ ಕಬ್ಬಿಣ ಮುಟ್ಟುತ್ತ, ಪುಸ್ತಕದಲ್ಲಿ ಬರೆದಂತೆ ಮಾಡಿದೆ. ನಿನಗೆ ಹೇಳಿದರೆ ನಗುತ್ತೀಯ, ಆದರೆ ಇಪ್ಪತ್ತು ವರ್ಷ ಬೀಜ ಆರಿಸಿದ ಬೆರಳಿಗೆ ಆ ಸಣ್ಣ ತಿರುಪುಗಳು ನೆಂಟರ ಹಾಗೆ. ಪ್ರೊಸೆಸರ್ ಕೂರಿಸಿದೆ. ಅದರ ಮೇಲೆ ಬಿಳಿ ಲೇಪ ಬಟಾಣಿಯಷ್ಟು ಹಾಕಿದೆ, ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆ ಮರೆಯದೆ ಕಿತ್ತೆ. ಮಧ್ಯಾಹ್ನ ಒಂದೂವರೆಗೆ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಉರಿಯಿತು. ಪರದೆ ಮಾತ್ರ ಕಪ್ಪು. ಮಧ್ಯದಲ್ಲಿ ಒಂದು ಚಿಕ್ಕ ಸಾಲು: ಸಿಗ್ನಲ್ ಇಲ್ಲ.

ಬಿಚ್ಚಿದೆ, ಕಟ್ಟಿದೆ. ಬುಧವಾರ ಮತ್ತೆ ಬಿಚ್ಚಿದೆ, ಮತ್ತೆ ಕಟ್ಟಿದೆ. ಬಿಚ್ಚುವುದೇ ಬದುಕು, ಕಟ್ಟುವುದೇ ಕೆಲಸ ಅನ್ನುವಂತಾಯಿತು. ಗುರುವಾರ ಗುಂಡುಸೂಜಿ ಮಾಮ ತಾನಾಗಿಯೇ ಬಂದ, ಕೈಯಲ್ಲಿ ಇಷ್ಟುದ್ದದ ಸ್ಪಾನರ್.

"ಒಂದು ಸಲ ತಟ್ಟಿ ನೋಡ್ಲಾ?"

"ಮಾಮ, ನೀನು ದೂರ ನಿಂತ್ಕೊಂಡು ನೋಡಿದ್ರೂ ಸಾಕು."

ಒಲಿಂಡಾ ಚಿಕ್ಕಮ್ಮ ದಿನಾ ಬಾಳೆಕಾಯಿಯ ಮಡ್ಡದ ಉಂಡೆ ಬೇಯಿಸಿ ತರುತ್ತಿದ್ದಳು. ನಿನ್ನ ಚಿಕ್ಕಮ್ಮನಾದರೂ ಈ ನಾಲ್ಕು ವರ್ಷ ನನ್ನ ಊಟದ ಲೆಕ್ಕ ಇಟ್ಟವಳು ಅವಳೇ. ಶುಕ್ರವಾರ ತಟ್ಟೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅವನಿಗೊಂದು ಫೋನ್ ಮಾಡೇ ಹುಡುಗಿ. ಎರಡು ನಿಮಿಷದಲ್ಲಿ ಹೇಳ್ತಾನೆ."

"ಅವನಿಗೆ ಫೋನ್ ಮಾಡೋ ಬದ್ಲು ಇದನ್ನ ತಗೊಂಡ್ಹೋಗಿ ಸಮುದ್ರಕ್ಕೆ ಹಾಕ್ತೀನಿ."

"ಹಾಕು. ಮೀನುಗಳಾದ್ರೂ ಆಡ್ಕೊಳ್ಳಲಿ."

ನಿನ್ನೆ, ಶನಿವಾರ, ಸೋತು ಕೂತಿದ್ದವಳಿಗೆ ಒಂದು ಯೋಚನೆ ಬಂತು. ನೀನು ಕಟ್ಟಿದ್ದ ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ತಪ್ಪಿದೆ ಅಂತ ತಿಳಿಯಬಹುದಲ್ಲ? ವಿಮಾನಕ್ಕೆ ಭಾರ ಅಂತ ನೀನು ಶೆಡ್ಡಿನಲ್ಲಿ ಬಿಟ್ಟುಹೋದ ನಿನ್ನ ಪೆಟ್ಟಿಗೆಯನ್ನೂ ಹೊತ್ತು ತಂದೆ. ಮೊದಲು ನಿನ್ನದನ್ನೇ ಬಿಚ್ಚಿದೆ. ನಿಜ ಹೇಳುತ್ತೇನೆ, ಒಳಗಿನ ಆ ಕೆಂಪು ಫ್ಯಾನುಗಳನ್ನು ನೋಡಿ ಇನ್ನೊಂದು ಸಲ ಸಿಟ್ಟು ಮಾಡಿಕೊಳ್ಳುವ ಆಸೆಯೂ ಇತ್ತು.

2013ರಲ್ಲಿ ಹಡಗಿನಿಂದ ಇಳಿದ ಆ ಗ್ರಾಫಿಕ್ಸ್ ಕಾರ್ಡು! ಟ್ರಕ್ಕಿನಲ್ಲೇ ಡಬ್ಬ ತೆಗೆದು ತೋರಿಸಿದ್ದೆಯಲ್ಲ, ಎರಡು ಕೆಂಪು ಫ್ಯಾನು. ಯಾರಿಗೆ ಅಂತ ಕೇಳಿದರೆ ಹಲ್ಲು ಕಿರಿದು "ನಂಗೇ ಕಣೇ, ಇನ್ಯಾರಿಗೆ" ಅಂದಿದ್ದೆ. ಅಲ್ಲಿಯವರೆಗೆ ಒಂದು ದಿನ ನಾನು ಗೆದ್ದರೆ ಇನ್ನೊಂದು ದಿನ ನೀನು. ಅದಾದ ಮೇಲೆ ಏಳು ವರ್ಷ ನಾನೇ ಗೆದ್ದೆ. ನಿನಗೆ ಒಳ್ಳೆಯ ಕಾರ್ಡು ಇದ್ದೂ ನಾನು ಗೆದ್ದೆ! "ನನ್ನ ಗಾಡಿ ಯಾಕೋ ತಡವರಿಸುತ್ತೆ" ಅಂತ ನೀನು ಅನ್ನುವುದು, "ತಡವರಿಸೋದು ಗಾಡಿ ಅಲ್ಲ, ಓಡಿಸೋ ದಾಡಿ" ಅಂತ ನಾನು ಅನ್ನುವುದು. ನಿನ್ನ ಗಡ್ಡ ನೋಡಿ ಕಟ್ಟಿದ ಪ್ರಾಸ. ಬೇಕರಿಯಲ್ಲಿ ಹೇಳಿದೆ, ಕಟ್ಟೆಯ ಮೇಲೆ ಹೇಳಿದೆ. ಯಾವಾಗಲೂ ಎರಡನೇ ಸ್ಥಾನದವನು ಅಂತ ಇಡೀ ದ್ವೀಪ ನಿನ್ನನ್ನು ಎರಡನೇ ವೆಸ್ ಅಂತ ಕರೆಯತೊಡಗಿತು. ನಮ್ಮ ಊರಿನ ಫೋನ್ ಪುಸ್ತಕದಲ್ಲಿ ಎಲ್ಲರದ್ದೂ ಅಡ್ಡಹೆಸರೇ ಅಚ್ಚಾಗುವುದು. ಅಚ್ಚಿಗೆ ಮುಂಚೆ ನಿನ್ನನ್ನು ಕೇಳಿದಾಗ ನೀನು "ಹಾಗೇ ಹಾಕಿ" ಅಂದೆಯಂತೆ. ಈಗಲೂ ಹಾಗೇ ಇದೆ.

ನಿನ್ನ ಪೆಟ್ಟಿಗೆಯೊಳಗೆ ಕೆಂಪು ಫ್ಯಾನು ಇರಲಿಲ್ಲ. ಒಂದೇ ಒಂದು ಕರಿಯ ಫ್ಯಾನಿನ, ನಾವು ಆಟ ಶುರು ಮಾಡಿದಾಗಿನ ಕಾರ್ಡು ಇತ್ತು. ಮಾರಿಬಿಟ್ಟಿರಬೇಕು ಅಂದುಕೊಂಡೆ. ಆಮೇಲೆ ನನ್ನದನ್ನು ಬಿಚ್ಚಿದೆ. ಹಲ್ಲಿ ಕಂಡಾಗ ಟಾರ್ಚ್ ಬಿಟ್ಟು ಮೂಲೆಯಷ್ಟೇ ನೋಡಿ ಮುಚ್ಚಿದ್ದೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ನನ್ನ ಪೆಟ್ಟಿಗೆಯ ಮುಚ್ಚಳ ನಾನು ತೆಗೆದವಳಲ್ಲ. ನೀನಿದ್ದಷ್ಟು ದಿನ ಧೂಳು ಹೊಡೆಯುವುದರಿಂದ ಹಿಡಿದು ಎಲ್ಲ ನೀನೇ, ನಾನು ಕೆಲಸಕ್ಕೆ ಹೋದಾಗ. ಮುಚ್ಚಳ ಪೂರ್ತಿ ಸರಿಯಿತು. ಹಲ್ಲಿ ಇತ್ತು. ಹಲ್ಲಿಯ ಕೆಳಗೆ ಎರಡು ಕೆಂಪು ಫ್ಯಾನು.

ಚಿಕ್ಕಮ್ಮ ಮಡ್ಡದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ತಟ್ಟೆ ಕೆಳಗಿಟ್ಟಳು.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿತ್ತು ಕಣೇ. ಹೇಳ್ಬೇಡ ಅಂದಿದ್ದ."

"ಯಾಕಂತೆ?"

"ಗೆದ್ದಾಗ ನೀನು ಅಡುಗೆಮನೆ ತನಕ ಕುಣ್ಕೊಂಡ್ ಹೋಗ್ತೀಯಂತೆ. ಅದನ್ನ ನೋಡೋಕೆ ಚೆಂದ ಅಂದ. ನಾನು, ಮಂಗ, ಊರೆಲ್ಲ ನಿನ್ನ ನೋಡಿ ನಗ್ತಿದೆಯಲ್ಲೋ ಅಂದೆ. ನಗ್ಲಿ ಬಿಡು ಚಿಕ್ಕಮ್ಮ, ನಾನೂ ನಗ್ತಿದೀನಲ್ಲ ಅಂದ."

ಏಳು ವರ್ಷದ ನನ್ನ ಜಂಬ ನಾಲ್ಕು ತಿರುಪಿಗೆ ಬಿಚ್ಚಿಕೊಂಡಿತು, ವೆಸ್. ನಾನು ಅಳಲಿಲ್ಲ ಅಂತ ಬರೆಯಬಹುದಿತ್ತು, ಆದರೆ ಚಿಕ್ಕಮ್ಮ ನಿನಗೆ ಹೇಗೂ ಹೇಳುತ್ತಾಳೆ.

ಇನ್ನೇನೂ ನೋಡುವ ಮನಸ್ಸಿಲ್ಲದೆ ಮುಚ್ಚಳ ಹಾಕಲು ಪೆಟ್ಟಿಗೆಯನ್ನು ತಿರುಗಿಸಿದೆ. ಹಿಂಭಾಗದಲ್ಲಿ ಪರದೆಯ ಕೇಬಲ್ ಹಾಕುವ ಮೇಲಿನ ತೂತಿನ ಮೇಲೆ ಹಳದಿಗಟ್ಟಿದ ಟೇಪಿನ ತುಂಡು. ಅದರ ಮೇಲೆ ನಿನ್ನ ಕೋಳಿಕಾಲಿನ ಅಕ್ಷರ: "ಇಲ್ಲಿ ಬೇಡ ನೆಲ್, ಕೆಳಗೆ." ವರ್ಷಗಟ್ಟಲೆ ಆ ಟೇಪಿನ ಮೇಲೆ ಬಟ್ಟೆ ಆಡಿಸಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಎದ್ದು ಹೊಸ ಪೆಟ್ಟಿಗೆಯ ಹಿಂದೆ ಹೋದೆ. ಐದು ದಿನದಿಂದ ಕೇಬಲ್ಲು ಮದರ್‌ಬೋರ್ಡಿನ ಮೇಲಿನ ತೂತಿನಲ್ಲೇ ಕೂತಿತ್ತು. ಕೆಳಗೆ ಹೊಸ ಕಾರ್ಡು, ಚಿತ್ರ ಬಿಡಿಸಿ ಬಿಡಿಸಿ ಯಾರಿಗೂ ತೋರಿಸಲಾಗದೆ ಕಾದಿತ್ತು. ಕೇಬಲ್ ಕಿತ್ತು ಕೆಳಗೆ ಚುಚ್ಚಿದೆ.

ಪರದೆ ಬೆಳಗಿತು.

ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು, ಕುಣಿ ಕುಣಿ ಅಂದಳು. ಕುಣಿಯಲಿಲ್ಲ. ನೋಡಲು ನೀನಿಲ್ಲದೆ ಅಡುಗೆಮನೆ ತನಕ ಕುಣಿಯುವುದು ಬರೀ ನಡಿಗೆ.

ಹಾಗಾಗಿ, ಥ್ಯಾಂಕ್ಸ್. ಟೇಪಿಗೆ. ಕೆಂಪು ಫ್ಯಾನುಗಳಿಗೆ. ಧೂಳು ಹೊಡೆದ ಅಷ್ಟೂ ದಿನಗಳಿಗೆ. ಕಟ್ಟೆಯ ಮೇಲೆ ನಾನು ಅಂದದ್ದನ್ನೆಲ್ಲ ಕೇಳಿಯೂ ಮನೆಗೆ ಬಂದು ಇನ್ನೊಂದು ಸುತ್ತು ಆಡೋಣವಾ ಅಂದದ್ದಕ್ಕೆ. ಮೆಟ್ಟಿಲ ಹತ್ತಿರ ಬಾಯಿ ಬಿಟ್ಟು ಉತ್ತರ ಕೊಟ್ಟಿದ್ದರೆ ಆಗಲೇ ನಾನು ಸಾಯುವಷ್ಟು ನಾಚಿಕೊಳ್ಳುತ್ತಿದ್ದೆ. ಅದನ್ನು ನಾಲ್ಕು ವರ್ಷ ಮುಂದೂಡಿದ್ದಕ್ಕೂ. ಆದರೆ ಒಂದು ಬೈಗುಳವೂ ಇದೆ: ಮುಂದೆ ಎಂದಾದರೂ ಒಳ್ಳೆಯದನ್ನು ಕೊಟ್ಟರೆ ಬಾಯಿಬಿಟ್ಟು ಹೇಳಿ ಕೊಡು. ನನಗೆ ಸೋಲಲೂ ಬರುತ್ತದೆ. ಬರುತ್ತಿತ್ತು.

ಇವತ್ತು ಚರ್ಚಿನಿಂದ ಬರುವಾಗ ಗುಂಡುಸೂಜಿ ಮಾಮನಿಗೆ ಎಲ್ಲ ಹೇಳಿದೆ. ಮಾಮನಿಗೆ ಹೇಳಿದ್ದು ಸಂಜೆಯೊಳಗೆ ದ್ವೀಪಕ್ಕೆಲ್ಲ ಗೊತ್ತಾಗುತ್ತದೆ; ಅದಕ್ಕೇ ಅವನಿಗೆ ಹೇಳಿದ್ದು. ಗಲ್ಲ ಕೆರೆದುಕೊಂಡು, "ಹಾಗಾದ್ರೆ ಎರಡನೆಯವಳು ನೀನೇ ಏನೇ?" ಅಂದ. ಹೌದು ಅಂದೆ. ಫೋನ್ ಪುಸ್ತಕ ಮತ್ತೆ ಅಚ್ಚಾಗುವಾಗ ಹೋಗಿ ನಾನೇ ಬರೆಸುತ್ತೇನೆ.

ಈಗ ಕೇಳುವ ಮಾತು. ಮೇ ಐದನೇ ತಾರೀಖು, ಭಾನುವಾರ, ಇಲ್ಲಿಯ ಮೂರು ಗಂಟೆ. ನನ್ನ ಜೊತೆ ಆಡುತ್ತೀಯಾ? ಎದುರು ಅಲ್ಲ, ಜೊತೆ. ಬೆಂಡಿಗೋದಿಂದಲೇ ಆಡಬಹುದು, ಬರಲೇಬೇಕು ಅಂತಿಲ್ಲ. ಬಂದರೆ ಮುಂದಿನ ಕೋಣೆಯಲ್ಲಿ ನಿನ್ನ ಕುರ್ಚಿ ಇದ್ದಲ್ಲೇ ಇದೆ. ಅದರ ಮೇಲೆ ಬಟ್ಟೆ ಒಟ್ಟಿ ಇಡುತ್ತಿದ್ದೆ, ಇವತ್ತು ಬೆಳಿಗ್ಗೆ ತೆಗೆದೆ.

ಕಾಗದಪತ್ರದ ಪ್ರಕಾರವೂ, ಇನ್ನೊಂದು ಪ್ರಕಾರವೂ ಇಂದಿಗೂ ನಿನ್ನವಳೇ ಆದ,
ನೆಲ್

ಮರೆತ ಮಾತು: ಕಾರ್ಡಿನ ವಿಷಯ ತಿಳಿದು, ಋಣ ತೀರಿಸಲು ಕರೆಯುತ್ತಿದ್ದಾಳೆ ಅಂದುಕೊಳ್ಳಬೇಡ. ಬರ್ನಿಸ್‌ಗೆ ಫಾರಂ ಕಳಿಸಿದ್ದು ಫೆಬ್ರವರಿ ಆರಕ್ಕೆ, ಹಡಗು ಬರುವುದಕ್ಕೂ ಮುಂಚೆ. ಒಳ್ಳೆಯದೆಲ್ಲ ನೀನೇ ಇಟ್ಟುಕೊಂಡವನು ಅಂತಲೇ ನಾನು ನಂಬಿದ್ದ ದಿನ. ಇಬ್ಬರ ಹೆಸರು ಕೇಳಿದ್ದರು. ಮೊದಲನೇ ಸಾಲಿನಲ್ಲಿ ನಿನ್ನದು ಬರೆದಿದ್ದೆ. ಬೇಕಾದರೆ ಬರ್ನಿಸ್‌ಳನ್ನೇ ಕೇಳು, ತಾರೀಖಿನ ಮೊಹರು ಅವಳೇ ಹೊಡೆದದ್ದು.