ಮೇಲಕ್ಕೆ ಓಡಿಸಿದ ಊರು, ಕೆಳಕ್ಕೆ ಓಡಿಸಿದ ಊರು

ವಾಲ್ಪರೈಸೊ, ಗುಡ್ಡದ ಬುಡದ ಶಾಲೆಯಿಂದ
ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮ ನಿಬಾಲ್ದೋ,

ಹೇಗಿದ್ದೀಯ? ಹಡಗಿನ ಐಸು ಕೋಣೆಯಲ್ಲಿ ಮರಗಟ್ಟುತ್ತಿದ್ದ ಬೆರಳುಗಳು ಈಗ ವಾಸಿಯೇ? ಅಮ್ಮ ಹೆಣೆದು ಕಳಿಸಿದ ಕೈಗವಸು ತಲುಪಿತೇ? ತಲುಪಿದ್ದರೆ ಹಾಕಿಕೋ, ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯೊಳಗೆ ಇಡಬೇಡ. ನಾನೂ ಅಮ್ಮನೂ ಬದುಕಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಇಲ್ಲಿಯ ಬೆಂಕಿಯ ಸುದ್ದಿ ರೇಡಿಯೋದಲ್ಲಿ ನಿನ್ನ ಕಿವಿಗೂ ಬಿದ್ದಿರಬಹುದು. ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಇಕೀಕೆಯಲ್ಲೂ ವಾಲ್ಪರೈಸೊದಲ್ಲೂ ದಡದ ಮೇಲಿನ ಕೆಲಸ ಸಿಗುವಂತಿದೆ, ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ ಎರಡೂ ಊರು ನೋಡಿ ಬಾ, ಎಲ್ಲಿ ಮನೆ ಮಾಡೋಣ ಹೇಳು ಎಂದು ನೀನು ಬರೆದಿದ್ದೆಯಲ್ಲ, ಹಾಗೇ ಮಾಡಿದೆವು. ನಮ್ಮೂರು ಚಿಯಾನ್ ಬಿಟ್ಟು ಎಲ್ಲಿಗೂ ಹೋಗದ ನಾನು ಬಸ್ಸು ಹತ್ತುವಾಗ ಟಿಕೆಟನ್ನು ಮೂರು ಸಲ ಮುಟ್ಟಿ ನೋಡಿಕೊಂಡೆ. ಎಲ್ಲಕ್ಕಿಂತ ಅಗ್ಗದ ಬಸ್ಸು, ಸೀಟು ಕಕ್ಕಸಿನ ಪಕ್ಕ. ಅಮ್ಮ ಚೀಲದ ತುಂಬ ಬೇಯಿಸಿದ ಮೊಟ್ಟೆ, ಬ್ರೆಡ್ಡು ತಂದಿದ್ದಳು. ಮರಳುಗಾಡು ಮುಗಿಯುವುದರೊಳಗೆ ಅರ್ಧ ಬಸ್ಸಿಗೆ ಹಂಚಿ, ಅವರೆಲ್ಲರ ಮನೆಯ ಜಗಳ ಕೇಳಿಕೊಂಡು, ಇಬ್ಬರಿಗೆ ಬುದ್ಧಿಯನ್ನೂ ಹೇಳಿದ್ದಳು. ದೂರದ ಊರನ್ನು ಮೊದಲು ಮುಗಿಸೋಣ ಎಂದು ಇಕೀಕೆಗೆ ಹೋದೆವು.

ಇಕೀಕೆ ಚೆನ್ನಾಗಿದೆ ತಮ್ಮಾ, ಸುಳ್ಳು ಹೇಳಬಾರದು. ನೇರ ಬೀದಿ, ಸಪಾಟು ನೆಲ, ಅಮ್ಮನ ಮಂಡಿಗೆ ಹೇಳಿ ಮಾಡಿಸಿದ ಹಾಗೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಸಿಕ್ಕಿತು. ಕಿಟಕಿ ಗೋಡೆಗೆ ಎದುರಾಗಿತ್ತು, ಆದರೆ ಹಾಸಿಗೆ ಶುಭ್ರವಾಗಿತ್ತು. ಮೀನು ನಮ್ಮೂರಿನ ಆಲೂಗಡ್ಡೆಗಿಂತ ಅಗ್ಗ. ಅಮ್ಮನಿಗೆ ಮಾತ್ರ ಒಂದೂ ಹಿಡಿಸಲಿಲ್ಲ. "ಮಳೇನೇ ಕಾಣದ ಊರಂತೆ! ಇಲ್ಲಿ ಕೊತ್ತಂಬರಿ ಎಲ್ಲಿ ಬೆಳೀಲಿ?" ಎಂದು ಮನೆಯೊಡತಿಯ ಮುಂದೆಯೇ ಕೇಳಿದಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಮೇಲಿನ ಮಧ್ಯಾಹ್ನ ಕಡಲ ದಂಡೆಯಲ್ಲಿ ಕುಳಿತು ಗೋಧಿ ಮತ್ತು ಒಣಗಿಸಿದ ಪೀಚ್ ಹಣ್ಣಿನ ತಂಪು ಪಾನಕ ಕುಡಿಯುತ್ತಿದ್ದೆವು. ನೆಲ ಅಲುಗಿತು. ಭೂಮಿ ನಡುಗುವುದು ನಮಗೆ ಹೊಸದೇ? ಆದರೆ ಇದು ನಿಲ್ಲಲಿಲ್ಲ. ಲೋಟ ತಾನಾಗಿ ಜಾರಿ ಮರಳಿಗೆ ಬಿತ್ತು. ಆಮೇಲೆ ಸೈರನ್ ಕೂಗಿತು. ಯಾರೂ ಕಿರುಚಲಿಲ್ಲ, ಅದಕ್ಕೇ ನನಗೆ ಹೆಚ್ಚು ದಿಗಿಲಾದದ್ದು. ಜನರೆಲ್ಲ ಮಕ್ಕಳನ್ನು ಎತ್ತಿಕೊಂಡು ಗುಡ್ಡದ ಕಡೆಗೆ ನಡೆಯತೊಡಗಿದರು. ಕಡಲು ಏರಿ ಬರಬಹುದು, ಎತ್ತರಕ್ಕೆ ಹೋಗಬೇಕು, ಅಷ್ಟೇ. ನಾನು ಅಮ್ಮನ ತೋಳು ಹಿಡಿದು ಎಳೆದೆ. ಸ್ವಲ್ಪ ದೂರ ಬಂದವಳು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಳು. "ನೀನು ಹೋಗೇ ಎರ್ಸಿಲಿಯ. ಸಮುದ್ರ ಬರೋದಾದ್ರೆ ಬರ್ಲಿ. ನನ್ನ ಮಗನ್ನ ಎಲ್ಲಿಟ್ಟಿದೀಯ ಅಂತ ಕೇಳ್ಬೇಕು ಅದನ್ನ."

ನಿಬಾಲ್ದೋ, ನಾನೇನು ಮಾಡಲಿ ಹೇಳು. ಬೆನ್ನ ಹಿಂದೆ ಕಡಲು, ಎದುರಿಗೆ ಬೆಟ್ಟದಂತಹ ಮರಳು ದಿಬ್ಬ, ನಡುವೆ ಹಟ ಹಿಡಿದು ಕುಳಿತ ತಾಯಿ. ನಾನು ಅತ್ತೆ, ಬೈದೆ, ಮೇರಿ ಮಾತೆಯ ಮೇಲೆ ಆಣೆ ಇಟ್ಟೆ. ಕೊನೆಗೆ ಯಾರೋ ಸಾಮಾನಿನ ಗಾಡಿಯವನು ಅವಳನ್ನು ಈರುಳ್ಳಿ ಮೂಟೆಯ ಹಾಗೆ ಎತ್ತಿ ಗಾಡಿಯಲ್ಲಿ ಕೂರಿಸಿ ಮೇಲಕ್ಕೆ ತಳ್ಳಿಕೊಂಡು ಹೋದ. ಮೇಲೆ ಎಲ್ಲರೂ ಕಡಲನ್ನೇ ನೋಡುತ್ತ ನಿಂತಿದ್ದೆವು. ಕಡಲು ಬರಲಿಲ್ಲ. ಹೊತ್ತು ಮುಳುಗುವಾಗ ಇಳಿಯಬಹುದು ಎಂದರು. ಅಂದಿನಿಂದ ಅಮ್ಮ ಮಂಕಾದಳು. ವಾಲ್ಪರೈಸೊದ ಬಸ್ಸಿನಲ್ಲಿ ಯಾರ ಜಗಳವನ್ನೂ ಕೇಳಲಿಲ್ಲ. ಊಟವನ್ನೂ ಮುಟ್ಟಲಿಲ್ಲ. ಕಡಲಿಗಿಂತ ಅದೇ ನನ್ನನ್ನು ಹೆದರಿಸಿತು.

ಈ ಊರು ಅದಕ್ಕೆ ತದ್ವಿರುದ್ಧ. ಮೆಟ್ಟಿಲೋ ಮೆಟ್ಟಿಲು, ನಾಯಿಗಳು, ಗಾಳಿ, ತಗಡಿನ ಮನೆಗಳು ಒಂದರ ಹೆಗಲ ಮೇಲೊಂದು. ನಮಗೆ ಕೋಣೆ ಕೊಟ್ಟವಳ ಹೆಸರು ಊಬೆರ್ಲಿಂದ, ಬೆಳಿಗ್ಗೆ ಕೆಳಗಿನ ಪೇಟೆಯಲ್ಲಿ ತರಕಾರಿ ಮಾರುತ್ತಾಳೆ. ಗಂಡ ಕುಸ್ತೋದಿಯೋ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾನೆ. ಬಾಯಿ ಮಾತ್ರ ಗಟ್ಟಿ. ಅಮ್ಮನನ್ನು ನೋಡಿದವನೇ, "ಏನಜ್ಜೀ, ಚಿಯಾನಿನವರು ಕೋಳಿ ಸಾರು ಮಾಡೋದ್ರಲ್ಲಿ ಗಟ್ಟಿಗರಂತೆ. ನಿಜವೋ, ಬರೀ ಬಡಾಯಿಯೋ?" ಎಂದ. ಅಮ್ಮ ಒಂದು ಕ್ಷಣ ಅವನನ್ನೇ ದುರುಗುಟ್ಟಿಕೊಂಡು ನೋಡಿ, "ಅಜ್ಜಿ ಅಂತೆ! ಕನ್ನಡೀಲಿ ನಿನ್ನ ಮುಖ ನೋಡ್ಕೊಂಡಿದೀಯೇನಪ್ಪಾ?" ಎಂದು ಸೀದಾ ಅಡುಗೆಮನೆಗೆ ನಡೆದಳು. ಎಷ್ಟೋ ದಿನಗಳ ಮೇಲೆ ಅವಳ ಆ ಧ್ವನಿ ಕೇಳಿದೆ.

ಶುಕ್ರವಾರ ನಾನು ಬಾಡಿಗೆ ಮನೆ ವಿಚಾರಿಸಲು ಬಂದರಿನ ಚೌಕಕ್ಕೆ ಇಳಿದಿದ್ದೆ. ಊಬೆರ್ಲಿಂದಳೂ ಪೇಟೆಯಲ್ಲಿದ್ದಳು, ಮನೆಯಲ್ಲಿ ಅಮ್ಮ ಸಾರಿಗಿಟ್ಟಿದ್ದಳು. ತೆಂಕಣ ಗಾಳಿ ಟೋಪಿ ಹಾರಿಸುವಷ್ಟು ಬೀಸುತ್ತಿತ್ತು. ಯಾರೋ "ಹೊಗೆ!" ಎಂದರು. ತಿರುಗಿ ನೋಡಿದರೆ ನಮ್ಮ ಗುಡ್ಡದ ನೆತ್ತಿ ಕಾಣುತ್ತಿರಲಿಲ್ಲ. ನಾನು ಓಡಿದೆ, ನೀನು ಪುಕ್ಕಲಿ ಎಂದು ಹಂಗಿಸುತ್ತಿದ್ದ ನಿನ್ನ ಅಕ್ಕ, ಮೇಲಕ್ಕೆ. ಜನ ಹಾಸಿಗೆ, ಬೆಕ್ಕು, ಹೊಲಿಗೆ ಯಂತ್ರ ಹೊತ್ತು ಕೆಳಗೆ ಬರುತ್ತಿದ್ದರು. ನಡುದಾರಿಯಲ್ಲಿ ಪೊಲೀಸರು ಅಡ್ಡ ನಿಂತರು. "ಅಮ್ಮ ಮೇಲಿದಾಳೆ" ಎಂದೆ. "ಎಲ್ಲರ ಅಮ್ಮಂದಿರೂ ಮೇಲೇ ಇದಾರಮ್ಮ, ದಾರಿ ಬಿಡಿ" ಎಂದ ಒಬ್ಬ, ಅವನ ಕಣ್ಣಲ್ಲೂ ನೀರಿತ್ತು, ಹೊಗೆಗೋ ಏನೋ. ತಗಡುಗಳು ಸಿಡಿಯುವ ಸದ್ದು ಕೇಳುತ್ತಿತ್ತು. ಇಕೀಕೆಯ ರಸ್ತೆಯಂಚಿನಲ್ಲಿ ಕುಳಿತ ಅವಳ ಮುಖವೇ ನನ್ನ ಕಣ್ಣಮುಂದೆ. ಇಲ್ಲೂ ಹಾಗೇ ಕುಳಿತಿದ್ದಾಳೆ, ಇಲ್ಲಿ ಎತ್ತುವವರಿಲ್ಲ ಎಂದುಕೊಂಡೆ. ಆ ಹೊತ್ತು ಹೇಗೆ ಕಳೆಯಿತೆಂದು ನನ್ನನ್ನು ಎಂದಿಗೂ ಕೇಳಬೇಡ.

ಆಮೇಲೆ ಹೊಗೆಯೊಳಗಿಂದ ಒಂದು ಬಾಗಿಲು ಬಂತು. ನೆರೆಯವರು ನಾಲ್ವರು ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಕುಸ್ತೋದಿಯೋನನ್ನು ಮಲಗಿಸಿಕೊಂಡು ಇಳಿಯುತ್ತಿದ್ದರು. ಹಿಂದೆ ಅಮ್ಮ, ತಲೆಗೆ ಒದ್ದೆ ಟವೆಲ್ಲು, ಎರಡು ಕೈಯಲ್ಲೂ ಸಾರಿನ ಪಾತ್ರೆ. "ಪಾತ್ರೆ ಬಿಸಾಕಮ್ಮಾ!" ಎಂದು ಅವರು ಕೂಗುತ್ತಿದ್ದರು. "ಬಿಸಾಕಿ ನಿಮಗೆಲ್ಲ ರಾತ್ರಿ ಏನು ಇಕ್ಕಲಿ? ಹುಷಾರು, ಅವನ ತಲೆ ತಗಲ್ತಿದೆ!" ಎಂದು ಇವಳು. ಬರುವುದಕ್ಕೆ ತಡವಾದದ್ದೂ ಇವಳಿಂದಲೇ. ಕುಸ್ತೋದಿಯೋ, "ನನ್ನ ಬಿಟ್ಟು ಹೋಗಜ್ಜೀ" ಎಂದನಂತೆ. ಇವಳು ಹೋಗದೆ ಹೊಸ್ತಿಲಲ್ಲಿ ನಿಂತು ನೆರೆಯವರ ಹೆಸರು ಗೊತ್ತಿಲ್ಲದೆ "ಯಾರ್ರೋ, ಬನ್ರೋ" ಎಂದು ಗಂಟಲು ಹರಿಯುವಂತೆ ಕೂಗಿದಳಂತೆ. ಈಗ ಧ್ವನಿಯೇ ಇಲ್ಲ ಅವಳಿಗೆ, ಸನ್ನೆಯಲ್ಲೇ ಬೈಯುತ್ತಾಳೆ.

ಊಬೆರ್ಲಿಂದಳ ಮನೆ ಉಳಿಯಲಿಲ್ಲ. ನಮ್ಮ ಚೀಲಗಳೂ ಹೋದವು, ಈಗ ಎಲ್ಲರೂ ಈ ಶಾಲೆಯಲ್ಲಿ ಮಲಗುತ್ತೇವೆ. ನಿನ್ನೆ ಶಾಲೆಯ ಅಂಗಳದಲ್ಲಿ ಯಾರೋ ತಗಡು ಬೀಳಿಸಿದರು, ನಾನು ಎದ್ದು ಗೇಟಿನವರೆಗೆ ಓಡಿದ್ದೆ. ರಾತ್ರಿ ಎಚ್ಚರವಾದಾಗಲೆಲ್ಲ ಅಮ್ಮ ಪಕ್ಕದಲ್ಲಿದ್ದಾಳೆಯೇ ಎಂದು ಮುಟ್ಟಿ ನೋಡುತ್ತೇನೆ. ಯಾವ ಊರು ಎಂದು ಕೇಳಿದ್ದೆಯಲ್ಲ. ಒಂದು ಊರು ನೀರಿಗೆ ಹೆದರಿಸಿ ಮೇಲಕ್ಕೆ ಓಡಿಸಿತು, ಇನ್ನೊಂದು ಬೆಂಕಿಗೆ ಹೆದರಿಸಿ ಕೆಳಕ್ಕೆ. ನನ್ನನ್ನು ಕೇಳಿದರೆ ಚಿಯಾನೇ ವಾಸಿ, ನಮ್ಮ ಹಿತ್ತಿಲು, ನಮ್ಮ ಕೋಳಿಗಳು. ಹತ್ತು ಗಂಟೆಯ ಬಸ್ಸಿಗೆ ಹೊರಡುತ್ತಿದ್ದೇವೆ. ಎದೆಗೆ ಬೆಚ್ಚಗೆ ಹೊದ್ದುಕೋ. ಡೆಕ್ಕಿನ ಅಂಚಿಗೆ ಹೋಗಬೇಡ. ಮೇರಿ ಮಾತೆ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಎರ್ಸಿಲಿಯ

ಬರೆಯಲು ಮರೆತದ್ದಲ್ಲ, ಈಗ ನಡೆದದ್ದು: ಬಸ್ಸು ಹೊರಡಲು ನಿಂತಿದೆ, ಅಮ್ಮ ಹತ್ತುತ್ತಿಲ್ಲ. ಊಬೆರ್ಲಿಂದಳಿಗೆ ಸೂರು ಎದ್ದು ನಿಲ್ಲುವವರೆಗೆ ಕುಸ್ತೋದಿಯೋನನ್ನು ನೋಡಿಕೊಳ್ಳುವವರು ಯಾರು ಎಂದು ಸನ್ನೆ ಮಾಡುತ್ತಾಳೆ. ಶಾಲೆಯಲ್ಲಿ ಎಲ್ಲರಿಗೂ ಆಲೂಗಡ್ಡೆ ಸುಲಿಯುತ್ತಿದ್ದ ಚಾಕು ಕೈಯಿಂದ ಬಿಟ್ಟಿಲ್ಲ. ಕಾಗದಕ್ಕೇ ಗುಟ್ಟು ಹೇಳುವವಳ ಹಾಗೆ ಬಗ್ಗಿ, ಇಲ್ಲದ ಧ್ವನಿಯಲ್ಲಿ ಹೇಳಿದಳು, ಹಾಗೇ ಬರೆಯುತ್ತಿದ್ದೇನೆ: "ಹಡಗು ಇಳಿದು ಸೀದಾ ಇಲ್ಲಿಗೆ ಬಾ. ಮೊಳೆ ಹೊಡೆಯೋಕೆ ಜನ ಬೇಕು." ಬಾ ನಿಬಾಲ್ದೋ. ನಾನೊಬ್ಬಳೇ ಊರಿಗೆ ಹೋಗಿ ಕೋಳಿಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ಚಳಿಗಾಲದ ಬಟ್ಟೆ ಕಟ್ಟಿಕೊಂಡು ಬರುತ್ತೇನೆ. ನನಗೆ ಇನ್ನೂ ಭಯ. ಈ ಗುಡ್ಡದ ಕಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ. ಆದರೂ ಹಿಂತಿರುಗಿ ಬರುವ ಟಿಕೆಟನ್ನು ಈಗಲೇ ತೆಗೆಸಿಕೊಂಡೆ, ಊರಿಗೆ ಹೋದ ಮೇಲೆ ಮನಸ್ಸು ಬದಲಾಗದಿರಲಿ ಎಂದು.