ಹಸನಸಾಬರ ಅಂಗಡಿಯ ಸೀರೆ

ಬ್ರಿಸ್ಟಲ್, ಇಂಗ್ಲೆಂಡ್
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ವಿದ್ಯಕ್ಕಾ,

ನಿನ್ನ ತಂಗಿ ಶೀಲಾಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಾನು ಕೊಟ್ಟು ಬಂದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಹಾನಗಲ್ಲಿನ ಕೂಸುಗಳಿಗೆಲ್ಲ ಲಸಿಕೆ ಹಾಕುತ್ತ ಓಡಾಡಿ ನಿನ್ನ ಕಾಲನ್ನೇ ಮರೆತಿದ್ದೀಯೋ? ಕಾರಹುಣ್ಣಿಮೆಗೆ ಮನೆಯಲ್ಲಿ ಹೋಳಿಗೆ ಆಯಿತೋ, ಅಣ್ಣನ ಹೆಂಡತಿ ಅಂಗಡಿಯಿಂದ ತರಿಸಿ ಕೈ ತೊಳೆದುಕೊಂಡಳೋ? ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮ ಶಿಗ್ಗಾವಿಯ ಅಳಿಯಂದಿರಿಗೆ ಮಾತ್ರ ಹೊಟ್ಟೆ ಸರಿಯಿಲ್ಲ. ಟೂರಿನವರು ಹುಬ್ಬಳ್ಳಿಯಿಂದ ಕರೆತಂದ ಅಡುಗೆಯವನು ಮೂರು ಹೊತ್ತೂ ಉಪ್ಪಿಟ್ಟು ತಿನ್ನಿಸಿದರೆ ಇನ್ನೇನಾಗುತ್ತದೆ. ನೀನು ಹೇಳಿದಂತೆ ನಾನು ಫೋನಿನಲ್ಲಿ ಏನೂ ಹೇಳಿಲ್ಲ. ನಿಮ್ಮಲ್ಲಿ ಫೋನ್ ಬಂದರೆ ಸ್ಪೀಕರಿಗೆ ಹಾಕಿ ಮನೆಮಂದಿಯೆಲ್ಲ ಸುತ್ತ ಕೂರುವುದು ನನಗೇನು ಗೊತ್ತಿಲ್ಲವೇ. ಕಾಗದದ ಮೇಲೆ ಬರೆದು, ಹಾಳೆಗಳ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತೇನೆ. ಒಬ್ಬಳೇ ಕುಳಿತು ಓದು.

ಸೀರೆ ಕೊಟ್ಟೆಯಾ ಎಂದು ಈಗಲೇ ಕೇಳಬೇಡ. ಇಪ್ಪತ್ತೇಳು ವರ್ಷ ಕಾದವಳಿಗೆ ಇನ್ನು ಮೂರು ಹಾಳೆ ಭಾರವಲ್ಲ. ನನ್ನ ಪೆಟ್ಟಿಗೆಯಲ್ಲಿ ಅದನ್ನಿಡುವಾಗ ನೀನು ಹೇಳಿದ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿತ್ತು. “ಅಂವನ ಕೈಯಾಗ ಕೊಟ್ಟು ಬಾ. ಅದೊಂದು ಮುಗೀತಂದ್ರ ನಾ ಹಂಸಭಾವಿಯವರಿಗೆ ಹೂಂ ಅಂತೇನಿ.” ಪಾಪ, ಹಂಸಭಾವಿಯ ದನದ ಡಾಕ್ಟರು ಲೋಹಿತ ಅವರು ನಿನ್ನನ್ನು ಕೇಳಿಸಿ ಆರು ತಿಂಗಳಾಯಿತು. ಹೆಂಡತಿ ತೀರಿಹೋದ ಮೇಲೆ ಐದು ವರ್ಷ ತಾವೇ ಒಲೆ ಮುಂದೆ ನಿಂತವರು, ನಿನ್ನ ಉತ್ತರಕ್ಕಾಗಿ ಒಂದು ದಿನವೂ ಅವಸರ ಮಾಡಿಲ್ಲ. ನೀನು ಕೂಸುಗಳಿಗೆ ಸೂಜಿ ಚುಚ್ಚುವಾಕೆ, ಅವರು ಎಮ್ಮೆಗಳಿಗೆ. ಜೋಡಿ ಚೆನ್ನಾಗಿಯೇ ಇದೆ. ಬರುವ ೨೩ಕ್ಕೆ, ಸೋಮವಾರ, ಅವರ ಅಕ್ಕ ತನುಜಾ ಕೊನೆಯ ಮಾತು ಕೇಳಲು ಬರುತ್ತಾರೆ. ಆದರೆ ನಮ್ಮ ಅಜ್ಜಿ ಹಾಕಿಟ್ಟ ಕಾಯಿದೆ ಒಂದಿದೆಯಲ್ಲ, ಮುರಿದ ಸಂಬಂಧದ ಸೀರೆ ಕೊಟ್ಟವರಿಗೆ ವಾಪಸು ಮುಟ್ಟುವವರೆಗೆ ಹುಡುಗಿ ಇನ್ನೊಂದು ಮನೆಯ ಸೀರೆ ಉಡಬಾರದು ಎಂದು. ನಿನಗೆ ಸಕ್ಕರೆ ತಿನ್ನಿಸಿ, ಸೀರೆ ಉಡಿಸಿ ಸಂಬಂಧ ಗಟ್ಟಿ ಮಾಡಿಕೊಂಡು, ಎರಡೇ ತಿಂಗಳಿಗೆ ಓದಲು ಇಂಗ್ಲೆಂಡಿಗೆ ಹಾರಿ, ಇಲ್ಲಿಯವಳನ್ನೇ ಮದುವೆಯಾಗಿ ಕುಳಿತ ನಮ್ಮ ಪ್ರಶಾಂತಮಾಮಾ. ಅವನ ತಾಯಿ, ಹಿರೇಕೆರೂರಿನ ನಮ್ಮ ವೀರವ್ವ ಅತ್ತೆ, ಸೀರೆ ತೆಗೆದುಕೊಂಡರೆ ಮಗನ ತಪ್ಪು ಒಪ್ಪಿಕೊಂಡಂತೆ ಎಂದು ಸಾಯುವ ತನಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾವೆಲ್ಲ ಹಾಗೆಂದೇ ತಿಳಿದಿದ್ದೇವೆ.

ಹೀಗಾಗಿ ನಿನ್ನೆ ಟೂರಿನವರು ಯಾವುದೋ ಕೋಟೆ ನೋಡಲು ಹೋದರೆ ನಾವಿಬ್ಬರು ರೈಲು ಹತ್ತಿ ಅವನ ಹಳ್ಳಿಗೆ ಹೋದೆವು. ಹಳ್ಳಿ ಅಂದರೆ ಹಳ್ಳಿಯಲ್ಲ. ಒಂದು ಕೋಳಿ ಕೂಗುವುದಿಲ್ಲ, ಕಟ್ಟೆಯ ಮೇಲೆ ಒಬ್ಬ ಮುದುಕ ಕುಳಿತಿಲ್ಲ, ಯಾರ ಮನೆಗೆ ಬಂದ್ರಿ, ಯಾವೂರಾತು ಎಂದು ಕೇಳುವ ನರಪಿಳ್ಳೆ ಇಲ್ಲ. ನಮ್ಮ ಕಡೆಯ ದುಂಡಸಿಯಂಥ ಹಳ್ಳಿಯಲ್ಲಿ ಬಸ್ಸು ಇಳಿದರೆ ಮನೆ ಮುಟ್ಟುವುದರೊಳಗೆ ಹತ್ತು ಜನರಿಗೆ ನಮ್ಮ ಜಾತಕ ಒಪ್ಪಿಸಬೇಕು. ಇಲ್ಲಿ ನಾವು ಬಿದ್ದು ಸತ್ತರೂ ಸೋಮವಾರದ ತನಕ ಯಾರಿಗೂ ತಿಳಿಯದು. ಇನ್ನು ಅವನ ಮನೆ! ಬಂಗಲೆ, ಬಂಗಲೆ ಎಂದು ಅತ್ತೆ ಹಿರೇಕೆರೂರಿನ ಸಂತೆಯಲ್ಲೆಲ್ಲ ಸಾರಿಕೊಂಡು ಬರುತ್ತಿದ್ದಳಲ್ಲ, ಅದರ ಮಾಡು ಹುಲ್ಲಿನದು ಅಕ್ಕಾ. ಹುಲ್ಲಿನ ಗುಡಿಸಲು! ನಮ್ಮಪ್ಪ ದನದ ಕೊಟ್ಟಿಗೆಗೂ ಹೆಂಚು ಹಾಕಿಸಿದ್ದ. ಈ ಹುಲ್ಲು ಹೊದಿಸುವವರು ಸಿಗುವುದೇ ಕಷ್ಟ, ಭಾಳ ತುಟ್ಟಿ ಎಂದು ಅವನು ಎದೆಯುಬ್ಬಿಸಿ ಹೇಳಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಗುಡಿಸಲು ಕಟ್ಟಿದ.

ಮನೆಯ ಹಿಂದೆ ಒಂದು ಎಕರೆ ಬಯಲು. ಏನು ಬೆಳೀತೀರಿ ಎಂದು ಇವರು ಕೇಳಿದರು. ಏನೂ ಇಲ್ಲವಂತೆ, ಬರೇ ಹುಲ್ಲು. ಮೇಯಲು ಒಂದು ಕರುವೂ ಇಲ್ಲ. ವಾರಕ್ಕೊಮ್ಮೆ ಯಂತ್ರದಿಂದ ಹುಲ್ಲು ಕತ್ತರಿಸಿ ಚೀಲಕ್ಕೆ ತುಂಬಿ ಎಸೆಯುತ್ತಾನಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮುಂದೆ ತಟ್ಟೆ ಇಟ್ಟರು. ತಣ್ಣಗಿನ ಬ್ರೆಡ್ಡು, ನಡುವೆ ಸವತೆಕಾಯಿ, ಪಕ್ಕದಲ್ಲಿ ಉಪ್ಪು ಖಾರ ಕಾಣದ ಬೆಂದ ಆಲೂಗಡ್ಡೆ. ಇನ್ನೊಂದು ಬೇಕೇ ಎಂದು ಒಂದೇ ಸಲ ಕೇಳಿದರು. ಸಂಕೋಚಕ್ಕೆ ಬೇಡ ಅಂದೆ, ತೆಗೆದು ಒಳಗಿಟ್ಟೇಬಿಟ್ಟರು! ಬ್ಯಾಡ ಅಂದವರ ತಟ್ಟೆಗೆ ಎರಡು ರೊಟ್ಟಿ ಹಾಕಬೇಕೆಂದು ಅತ್ತೆ ಕಲಿಸಿದ್ದೆಲ್ಲ ವಿಮಾನದಲ್ಲೇ ಬಿಟ್ಟು ಬಂದಿದ್ದಾನೆ. ಊಟವಾದ ಮೇಲೆ ನಾಯಿ ಕರೆದುಕೊಂಡು ಅಡ್ಡಾಡಲು ಹೊರಟೆವು. ಕೆಲಸವಿಲ್ಲ, ಕಾರ್ಯವಿಲ್ಲ, ಕಂಡವರ ಹೊಲದಲ್ಲಿ ಒಂದು ತಾಸು ನಡೆದು ಹಾಗೆಯೇ ವಾಪಸು ಬಂದೆವು. ಒಂದು ಕುರಿ ನಮ್ಮನ್ನು ನೋಡಿತು. ಅದೊಂದೇ ನಮ್ಮನ್ನು ಮಾತಾಡಿಸಿದ ಹಾಗಾಯಿತು.

ಅವನ ಹೆಂಡತಿ ಕೆಟ್ಟವಳಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಒಯ್ದ ಸವಣೂರು ಖಾರದ ಕುರುಕಲನ್ನು ಕಣ್ಣೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡು ತಿಂದಳು. ಎಸ್.ಎಸ್.ಎಲ್.ಸಿ.ಯ ಇಂಗ್ಲಿಷು ನನಗೂ ಇದೆ, ಅಷ್ಟಿಷ್ಟು ಮಾತಾಡಿದೆವು. ಅವಳಿಗಿಂತ ಇವನದೇ ಜಂಬ. ನಡುಮನೆಯ ಗೋಡೆಗೆ ಅತ್ತೆಯ ಮೊರವನ್ನು ಮೊಳೆ ಹೊಡೆದು ತೂಗುಹಾಕಿದ್ದಾನೆ. ಅದರ ಪಕ್ಕ ಎತ್ತಿನ ಕೊರಳ ಗೆಜ್ಜೆಸರ. ಬಂದವರಿಗೆಲ್ಲ ಅದರ ಮುಂದೆ ನಿಂತು ನಮ್ಮ ಸಂಸ್ಕೃತಿ ಎಂದು ಭಾಷಣ ಮಾಡುತ್ತಾನಂತೆ. ಜೋಳ ಕೇರಿ ಕೇರಿ ಅತ್ತೆಯ ಬೆರಳು ಸವೆದ ಮೊರ ಅದು. ಅವಳು ಸತ್ತಾಗ ಮಣ್ಣಿಗೆ ಬಾರದ ಮಗ ಮೊರ ಒಯ್ಯಲು ಮಾತ್ರ ಬಂದಿದ್ದ.

ಈಗ ಸೀರೆಯ ವಿಷಯ. ಚಹಾ ಬಂತು. ನಾನು ಎದ್ದು ಮುಖ ತೊಳೆದು, ಕುಂಕುಮ ಹಚ್ಚಿಕೊಂಡು, ಚೀಲದಿಂದ ಸೀರೆ ತೆಗೆದು ಅವನ ಮುಂದೆ ಹಿಡಿದೆ. “ಮಾಮಾ, ಇದನ್ನ ನಿಮ್ಮ ಕೈಯಾಗ ಮುಟ್ಟಸಾಕ ಬಂದೇನಿ” ಎಂದೆ. ನೆನಪಿದೆಯಲ್ಲ, ಸವಣೂರಿನ ಹಸನಸಾಬರ ಅಂಗಡಿಯಲ್ಲಿ ಮೂರು ತಾಸು ಕೂತು, ಹನ್ನೊಂದು ಸೀರೆ ಬೇಡವೆಂದು, ಹಸಿರು ಒಡಲಿನ ಕೆಂಪು ಸೆರಗಿನ ಈ ಇಳಕಲ್ ಸೀರೆಯನ್ನು ತಾನೇ ಆರಿಸಿದವನು ಇವನು. ವಿದ್ಯಾಗ ಇದ ಒಪ್ಪತೈತಿ ಎಂದು ಹಸನಸಾಬರ ಎದುರಿಗೇ ಹೇಳಿ ಎಲ್ಲರ ನಗೆಗೆ ಈಡಾಗಿದ್ದ. ಅಂಥವನು ಸೀರೆಯನ್ನು ಎರಡೂ ಕೈಯಲ್ಲಿ ತಗೊಂಡ, “ಅಯ್ಯ, ಇಳಕಲ್ಲ ಸೀರಿ! ಇಷ್ಟ ಯಾಕ ಖರ್ಚ ಮಾಡಾಕ ಹೋದಿ ಶೀಲಾ” ಎಂದ, ತಿರುಗಿ ಹೆಂಡತಿಗೆ ಕೊಟ್ಟುಬಿಟ್ಟ.

ಗುರುತು ಹಿಡಿಯಲಿಲ್ಲ ಅಕ್ಕಾ. ನಾಟಕವಲ್ಲ, ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವಳು ಕೈ ಒರೆಸಿಕೊಂಡು ಸೀರೆ ಬಿಚ್ಚಿದಳು. ನಿನಗೆ ಸಕ್ಕರೆ ತಿನ್ನಿಸಿದ ದಿನ ಅವ್ವ ಮೂಲೆಗೆ ಹಚ್ಚಿದ ಅರಿಶಿನ ಈಗ ಕಂದಾಗಿದೆಯಲ್ಲ, ಅದನ್ನು ನೋಡಿ ಇದೇನು ಕಲೆ ಎಂದು ಕೇಳಿದಳು. ಇವನು ಶುರು ಹಚ್ಚಿಕೊಂಡ. ನಮ್ಮಲ್ಲಿ ಹೊಸ ಬಟ್ಟೆಗೆ ಅರಿಶಿನ ಹಚ್ಚಿಯೇ ಕೊಡುತ್ತಾರೆ, ಅದು ಶುಭ, ಅದಕ್ಕೆ ಸಾವಿರಾರು ವರ್ಷದ ಇತಿಹಾಸ ಎಂದು ಹತ್ತು ನಿಮಿಷ. ಅರಿಶಿನದ ಇತಿಹಾಸವೆಲ್ಲ ಗೊತ್ತು, ಸೀರೆ ಗೊತ್ತಿಲ್ಲ! ಆಮೇಲೆ ಗಂಡ ಹೆಂಡತಿ ಸೇರಿ ಅದನ್ನು ಮೊರದ ಪಕ್ಕ ಗೋಡೆಗೆ ಹಾಕುವುದೆಂದು ತೀರ್ಮಾನಿಸಿದರು. ಎಲ್ಲಿ ಮೊಳೆ ಹೊಡೆಯಬೇಕೆಂದು ಬೆರಳಿಟ್ಟು ತೋರಿಸುತ್ತಲೇ, ಬಾಯಲ್ಲಿ ಬಿಸ್ಕೀಟು ಇಟ್ಟುಕೊಂಡು ಕೇಳಿದ, “ಅಂದಂಗ ವಿದ್ಯಾ ಹೆಂಗದಾಳ? ಮಕ್ಕಳೆಷ್ಟು? ದೊಡ್ಡವಾಗಿರಬೇಕಲ್ಲ?”

ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅವಳ ಕೈಯಿಂದ ಸೀರೆ ಕಸಿದುಕೊಂಡೆ. ಹೌದು, ಕಸಿದುಕೊಂಡೆ. ಅದರ ಬದಲಿಗೆ ಟೂರಿನವರು ಬಿಟ್ಟಿ ಕೊಟ್ಟ ಶಾಲು ಅವಳ ತೊಡೆಯ ಮೇಲಿಟ್ಟೆ. ಇವರು ಬಾಯಿ ತೆರೆದು ಕುಳಿತರು, ಕೈಯಲ್ಲಿದ್ದ ಬಿಸ್ಕೀಟು ಚಹಾದಲ್ಲಿ ಕರಗಿ ಬಿತ್ತು. ಪ್ರಶಾಂತ ನಗಲು ನೋಡಿದ, “ಏ ಶೀಲಾ, ಕೊಟ್ಟದ್ದನ್ನ ಯಾರರ ವಾಪಸ್ ತಗೋತಾರೇನ?” ನಾನು ಬಿಡಲಿಲ್ಲ, “ಕೊಟ್ಟ ಮಾತು ವಾಪಸ್ ತಗೊಳ್ಳಾಕ ಬರ್ತೈತಿ, ಕೊಟ್ಟ ಸೀರಿ ತಗೊಳ್ಳಾಕ ಬರೂದಿಲ್ಲೇನ್ ಮಾಮಾ? ಮೂಲಿ ನೋಡ್ರಿ. ಅದು ನಮ್ಮವ್ವ ಹಚ್ಚಿದ ಅರಿಶಿಣ. ನಮ್ಮ ಅಕ್ಕನ ಲಗ್ನ ಆಗಿಲ್ಲ.” ಆಗ ನೋಡಬೇಕಿತ್ತು ಅವನ ಮುಖ. ಹೆಂಡತಿ ಏನೆಂದಳು, ಏನೆಂದಳು ಎಂದು ಕೇಳಿದರೆ, ತಪ್ಪಿ ಬೇರೆ ಸೀರೆ ತಂದಿದ್ದಾಳಂತೆ ಎಂದು ತರ್ಜುಮೆ ಮಾಡಿದ. ಹೇಡಿ! ಇಂಥವನಿಗಾಗಿ ನೀನು ಟ್ರಂಕಿನಲ್ಲಿ ಪ್ರತಿ ವರ್ಷ ಹೊಸ ಬೇವಿನೆಲೆ ಇಟ್ಟೆಯಲ್ಲ ಎಂದು ನನಗೆ ಅಳುವೇ ಬಂತು. ಅವನ ಮುಂದೆ ಅಳಲಿಲ್ಲ, ನಿಶ್ಚಿಂತೆಯಿಂದಿರು.

ಆದ್ದರಿಂದ ಸೀರೆ ಕೊಟ್ಟಿಲ್ಲ. ನನ್ನ ಪೆಟ್ಟಿಗೆಯಲ್ಲೇ ಇದೆ. ಗುರುತೇ ಹಿಡಿಯದವನಿಗೆ ಏನನ್ನು ಹಿಂದಿರುಗಿಸುವುದು? ಬೇಕಾದರೆ ನನ್ನನ್ನು ಬೈಯಿ. ಅಣ್ಣನಿಗೆ ನಮಸ್ಕಾರ, ಅತ್ತಿಗೆಗೆ ಕೇಳಿದೆನೆಂದು ಹೇಳು, ಮಕ್ಕಳಿಗೆ ಚಾಕ್ಲೇಟು ತರುತ್ತೇನೆ. ನಾವು ೨೫ಕ್ಕೆ ಊರು ಮುಟ್ಟುತ್ತೇವೆ. ಮೊಣಕಾಲಿಗೆ ಎಣ್ಣೆ ಹಚ್ಚು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಬಾಯಿಬಡುಕಿ ತಂಗಿ,
ಶೀಲಾ

ತಾ.ಕ.: ಕೆಳಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ನಮ್ಮನ್ನು ಸ್ಟೇಶನ್ನಿಗೆ ಬಿಡಲು ಬಂದವನು, ಇವರು ಟಿಕೆಟ್ಟಿಗೆ ಹೋದಾಗ ನನ್ನ ಮುಖ ನೋಡದೆ ಹೇಳಿದ, “ನಂದು ತಪ್ಪ ಐತಿ ಶೀಲಾ, ಇಲ್ಲ ಅನ್ನೂದಿಲ್ಲ. ಆದ್ರ ನಮ್ಮವ್ವ ಸೀರಿ ಇಸಗೊಳ್ಳಾಕ ಹಾನಗಲ್ಲಿಗೆ ಎರಡ ಸಲ ಬಂದಿದ್ಲು. ಮನ್ಯಾಗ ವಿದ್ಯಾ ಒಬ್ಬಾಕಿನ ಇದ್ಲಂತ. ಎರಡೂ ಸಲ ಕೊಡಲಿಲ್ಲಂತ. ಅಂವನ ಬಂದು ಕೇಳಲಿ ಅಂದ್ಲಂತ.” ಅದು ನಿನ್ನದೇ ಮಾತು ಅಕ್ಕಾ, ಅವನಿಗೆ ಕಟ್ಟಿ ಹೇಳಲು ಬರುವಂಥದ್ದಲ್ಲ. ಅತ್ತೆಯನ್ನು ನಾವು ಸುಮ್ಮನೆ ಇಷ್ಟು ವರ್ಷ ಬೈದೆವು. ನಿನ್ನನ್ನು ಬೈಯುತ್ತಿಲ್ಲ, ಇಪ್ಪತ್ತೆರಡು ವರ್ಷದವಳಿಗೆ ಅಷ್ಟು ಸಿಟ್ಟು ಬರದಿದ್ದರೆ ಹೇಗೆ. ಆದರೆ ಸೀರೆ ಹಿಡಿದುಕೊಂಡದ್ದು ಅವರಲ್ಲ, ನೀನು. ನಾನು ಯಾರ ಕೈಗೆ ಕೊಟ್ಟು ಬಂದರೂ ಅದು ಬಿಡುಗಡೆಯಾಗುವುದಿಲ್ಲ. ಸೋಮವಾರ ತನುಜಾ ಬಂದಾಗ, ಶೀಲಾ ಬರಲಿ, ಸೀರೆ ಏನಾಯಿತೋ ನೋಡೋಣ ಎಂದು ಅವರನ್ನು ವಾಪಸು ಕಳಿಸಬೇಡ. ಹೂಂ ಅನ್ನುವುದಿದ್ದರೆ ನಾನು ಬರುವ ಮೊದಲೇ ಅನ್ನು. ಒಲ್ಲೆ ಅನ್ನುವುದಿದ್ದರೆ ಅದನ್ನೂ ಅನ್ನು, ಆದರೆ ಸೀರೆಯ ಹೆಸರು ಹೇಳಬೇಡ.