ಮೂರಕ್ಕೆ ಮೂರೂ ಸರಿಯುತ್ತರ

ಫುಟ್‌ಬಾಲ್ ಲೀಗ್ ಮಂಡಳಿಯ ವೈದ್ಯಕೀಯ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ತಲೆಗೆ ಪೆಟ್ಟು ಬಿದ್ದ ಮೇಲೂ ನನ್ನ ಗಂಡ ನಿಮ್ಮ ಮೂರು ಪ್ರಶ್ನೆಗಳಿಗೆ ಮೂರೂ ಸರಿಯುತ್ತರ ಕೊಟ್ಟರೆಂದು ನಿಮ್ಮ ಕಚೇರಿಯವರು ನನಗೆ ತಿಳಿಸಿದ್ದಾರೆ. ಸಂತೋಷ. ಆದರೆ ಆ ಸಂತೋಷದಲ್ಲಿ ಪಾಲು ತೆಗೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ, ಏಕೆಂದರೆ ಆ ಉತ್ತರಗಳಲ್ಲಿ ಒಂದೂ ಅವರದಾಗಿರಲಿಲ್ಲ. ಬರುವ ಶನಿವಾರ ಅವರು ಮತ್ತೆ ಮೈದಾನಕ್ಕೆ ಇಳಿಯುತ್ತಾರೆ. ಇನ್ನೊಂದು ಪೆಟ್ಟು ಬಿದ್ದರೆ ಏನಾಗಬಹುದೆಂದು ನಾನೊಬ್ಬಳೇ ಹೋಗಿ ಕಂಡ ನರರೋಗ ತಜ್ಞರು ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದಾರೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಮೆತ್ತಗೆ ಹೇಳಿ ನೋಡಿಯಾಯಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಮನೆ ಮಾತನ್ನು ಬೀದಿಗೆ ತಂದಳು ಎನ್ನುವವರು ಅನ್ನಲಿ.

ನಮ್ಮವರು ಕೆಳಗಿನ ಲೀಗಿನ ಆಟಗಾರರು. ಹೆಸರು ಹೇಳಿದರೂ ನಿಮಗೆ ಗುರುತು ಸಿಗಲಾರದು. ರಕ್ಷಣೆಯ ಸಾಲಿನ ನಡುವೆ ನಿಂತು, ಎದುರಾಳಿಗಳು ಎತ್ತಿ ಹೊಡೆದ ಚೆಂಡನ್ನು ತಲೆಯಿಂದ ಗುದ್ದಿ ಆಚೆ ಕಳಿಸುವುದು ಅವರ ಕೆಲಸ. ಗೋಲು ಹೊಡೆದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆಗದೇ ಹೋದ ಗೋಲಿನ ಫೋಟೋವನ್ನು ಯಾರು ಹಾಕುತ್ತಾರೆ ಹೇಳಿ? ಹದಿನೇಳರ ವಯಸ್ಸಿನಲ್ಲಿ ದೊಡ್ಡ ಕ್ಲಬ್ಬೊಂದರ ಕಿರಿಯರ ತಂಡದಲ್ಲಿದ್ದರು. ಓಟ ಸಾಲದು ಎಂದು ಕ್ಲಬ್ಬಿನವರು ಕೈಬಿಟ್ಟರು. ಆಮೇಲೆ ಕ್ಲಬ್ಬಿನಿಂದ ಕ್ಲಬ್ಬಿಗೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ. ಕರಾರು ಎಂದರೆ ಒಂದೇ ಸೀಸನ್ನಿನದು. ಬೇಸಿಗೆಯ ಬಿಡುವಿನಲ್ಲಿ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾರೆ. ಮೈದಾನಕ್ಕೆ ಬರುವ ಜನ ಅವರನ್ನು 'ಗೋಡೆ' ಎನ್ನುತ್ತಾರೆ. ಎದುರಾಳಿ ಚೆಂಡು ಎತ್ತಿದ ಕೂಡಲೇ "ಗೋಡೆ ಇದೆ ಬಿಡ್ರೋ!" ಎಂದು ಕೂಗು ಏಳುತ್ತದೆ. ಸುಳ್ಳೇಕೆ ಹೇಳಲಿ, ಆ ಕೂಗು ಕೇಳಿದಾಗ ನನಗೂ ಮೈ ಜುಮ್ಮೆನ್ನುತ್ತಿತ್ತು. ಹಲಗೆಯ ಮೆಟ್ಟಿಲ ಮೇಲೆ ಕೂತು ಗಂಟಲು ಕಟ್ಟುವವರೆಗೆ ನಾನೂ ಕೂಗಿದ್ದೇನೆ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ತಲೆಗೆ ಪೆಟ್ಟು ಬಿದ್ದ ಆಟಗಾರನಿಗೆ ಮೂರು ಪ್ರಶ್ನೆ ಕೇಳಬೇಕು: ಇದು ಯಾರ ಮೈದಾನ, ಈಗ ಸ್ಕೋರ್ ಎಷ್ಟು, ಮೊದಲರ್ಧವೋ ಎರಡನೆಯದೋ. ಸರಿಯಾಗಿ ಹೇಳಿದರೆ ಆಡಬಹುದು, ತಪ್ಪಿದರೆ ಹೊರಗೆ. ಮೇಲಿನ ಲೀಗಿನಲ್ಲಿ ಇದನ್ನು ಕೇಳಲು ಯಾವ ಕ್ಲಬ್ಬಿಗೂ ಸೇರದ ಡಾಕ್ಟರು ಮೈದಾನದ ಅಂಚಿನಲ್ಲೇ ಕೂತಿರುತ್ತಾರೆ. ಕೆಳಗಿನ ಲೀಗಿನಲ್ಲಿ ಕೇಳುವವರು ಕ್ಲಬ್ಬಿನ ಮಸಾಜಿನವರು. ಹುಡುಗರು ಅವರನ್ನು ಮುಲಾಮು ಡಾಕ್ಟರು ಎಂದು ಕರೆಯುತ್ತಾರೆ. ಪಾಪದ ಮನುಷ್ಯ. ಬಸ್ಸಿಗೆ ಡೀಸೆಲ್ ಹಾಕಿಸುವುದೂ ಅವರೇ, ಜೆರ್ಸಿ ಒಗೆಸುವುದೂ ಅವರೇ. ಕೆಳಗಿನ ಲೀಗಿಗೆ ಡಾಕ್ಟರು ಏಕಿಲ್ಲ ಎಂದು ಕೇಳಿದರೆ, ಆ ಪಂದ್ಯಗಳು ಟಿವಿಯಲ್ಲಿ ಬರುವುದಿಲ್ಲವಲ್ಲ ಎಂಬ ಉತ್ತರ ಸಿಕ್ಕಿತು. ಎಂಥ ಘನವಾದ ವೈದ್ಯಕೀಯ ತತ್ತ್ವ ಮಾನ್ಯರೇ! ಟಿವಿಯಲ್ಲಿ ಕಾಣುವ ತಲೆಗೆ ಡಾಕ್ಟರು, ಕಾಣದ ತಲೆಗೆ ಮುಲಾಮು. ಚೆಂಡಿಗೆ ಮಾತ್ರ ಈ ತಾರತಮ್ಯ ಗೊತ್ತಿಲ್ಲ, ಎಲ್ಲ ಲೀಗಿನಲ್ಲೂ ಒಂದೇ ಸಮ ಬಡಿಯುತ್ತದೆ.

ನಿಮಗೆ ತಿಳಿಯದ, ಅಥವಾ ತಿಳಿದೂ ಬೇಡವಾದ ಒಂದು ಸಂಗತಿ ಇದೆ. ಮುಲಾಮು ಡಾಕ್ಟರು ಚೀಲ ಹಿಡಿದು ಬೆಂಚಿನಿಂದ ಓಡಿ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕಲ್ಲ? ಅಷ್ಟರಲ್ಲಿ ಹತ್ತಿರದ ಆಟಗಾರ ನೀರಿನ ಬಾಟಲಿ ಹಿಡಿದು ಬಂದು, ಬಿದ್ದವನ ಮುಖಕ್ಕೆ ನೀರು ಚಿಮುಕಿಸುತ್ತಾನೆ. ಬಗ್ಗಿ ಕಿವಿಯಲ್ಲಿ ಮೂರೂ ಉತ್ತರ ಹೇಳುತ್ತಾನೆ. ಎದ್ದು ಕೂತವನು ಅದನ್ನೇ ಒಪ್ಪಿಸುತ್ತಾನೆ. ಇದಕ್ಕೆ ಅವರೊಳಗೆ 'ನೀರು ಕೊಡೋದು' ಎಂದು ಹೆಸರು. ಮೋಸ ಎನ್ನಬೇಡಿ. ಇದರಲ್ಲಿ ಇರುವುದು ಪ್ರೀತಿ, ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕುವುದು. ಒಮ್ಮೆ ಹೊರಗೆ ಹೋದವನ ಜಾಗದಲ್ಲಿ ಮುಂದಿನ ವಾರ ಇನ್ನೊಬ್ಬ ನಿಂತಿರುತ್ತಾನೆ, ಅದರ ಮುಂದಿನ ಸೀಸನ್ನಿಗೆ ಕರಾರೂ ಅವನದೇ. ಹಾಗಾಗದಿರಲಿ ಎಂದು ಒಬ್ಬರಿಗೊಬ್ಬರು ನೀರು ಕೊಟ್ಟುಕೊಳ್ಳುತ್ತಾರೆ. ನಿಮ್ಮ ನಿಯಮ ಒಳ್ಳೆಯ ಹುಡುಗರ ಕೈಯಿಂದ ಮಾಡಿಸುತ್ತಿರುವ ಕೆಲಸ ಇದು.

ಹೋದ ತಿಂಗಳ ಪಂದ್ಯದಲ್ಲಿ ಎದುರಾಳಿಯ ಮೊಣಕೈ ನಮ್ಮವರ ಕಪಾಲಕ್ಕೆ ಬಡಿಯಿತು. ನಾನು ನೋಡುತ್ತಲೇ ಇದ್ದೆ. ಮರದ ದಿಮ್ಮಿ ಉರುಳಿದ ಹಾಗೆ ಬಿದ್ದರು. ನೀರು ಬಂತು, ಮುಲಾಮು ಡಾಕ್ಟರು ಬಂದರು, ಗೋಡೆ ಎದ್ದು ನಿಂತಿತು, ಜನ ಚಪ್ಪಾಳೆ ತಟ್ಟಿದರು. ಉಳಿದ ಆಟವನ್ನೂ ಆಡಿದರು. ಸಂಜೆ ಮನೆಗೆ ಬಂದು ಬೂಟು ಬಿಚ್ಚದೆ ಮಂಚದ ಅಂಚಿನಲ್ಲಿ ಕೂತಿದ್ದರು.

"ರೀ, ಊಟಕ್ಕೆ ಹಾಕ್ಲಾ?" ಎಂದೆ.

"ನಮ್ಮ ಮೈದಾನ," ಎಂದರು. "ಒಂದು–ಒಂದು. ಎರಡನೇ ಅರ್ಧ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟೆ. ಅವರು ನಗಲಿಲ್ಲ. ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ಎಂದು ಕಾಯುವವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. "ಸರಿಯಾಗಿದೆ, ಮಲಕೊಳ್ಳಿ" ಎಂದೆ.

ಮರುದಿನ ಚೆನ್ನಾಗಿಯೇ ಇದ್ದರು. ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮುಂದಿನ ವಾರ ಮಗಳನ್ನು ಕರೆತರಲು ಹೋದವರು ಅವಳ ಹಳೆಯ ಶಾಲೆಯ ಗೇಟಿನ ಮುಂದೆ ನಿಂತಿದ್ದರು. ಅವಳು ಆ ಶಾಲೆ ಬಿಟ್ಟು ಎರಡು ವರ್ಷವಾಯಿತು. ಕಾದು ಕಾದು ಅವಳೇ ನಡೆದು ಬಂದು ಅಪ್ಪನನ್ನು ಹುಡುಕಿ ಕೈ ಹಿಡಿದುಕೊಂಡಳಂತೆ. ಆಗ ನನಗೆ ಹೇಳಲಿಲ್ಲ, ಆಮೇಲೆ ಕೇಳಿದಾಗ ಬಾಯಿಬಿಟ್ಟಳು. ಮೊನ್ನೆ ಮನೆ ಮಾಲೀಕರು ಮೆಟ್ಟಿಲು ಹತ್ತಿ ಬರುವಾಗ ಅವಳು ಅಪ್ಪನ ಪಕ್ಕಕ್ಕೆ ಸರಿದು ಮೆಲ್ಲಗೆ, "ಅಪ್ಪಾ, ಓನರ್ ಅಂಕಲ್. ಕೆಳಗಿನ ಮನೆಯವ್ರು" ಎಂದಿದ್ದು ನನ್ನ ಕಿವಿಗೆ ಬಿತ್ತು. ಇವರು ಕೂಡಲೇ ಎದ್ದು, "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ನಗುನಗುತ್ತಾ ಕುರ್ಚಿ ಎಳೆದರು. ಹನ್ನೆರಡು ವರ್ಷದ ಹುಡುಗಿ ಮಾನ್ಯರೇ. ಅಪ್ಪನಿಗೆ ನೀರು ಕೊಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಲೈಸೆನ್ಸಿಗಾಗಿ ಕಣ್ಣು ಪರೀಕ್ಷೆಗೆ ಬರುವ ಕೆಲವು ಡ್ರೈವರುಗಳು ಬೆಂಚಿನ ಮೇಲೆ ಕಾಯುತ್ತಿರುವಾಗಲೇ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿರುತ್ತಾರೆ. ಕಣ್ಣು ಕಿರಿದು ಮಾಡದೆ ಪಟಪಟ ಓದಿದರೆ ನನಗೆ ಅನುಮಾನ ಬರುತ್ತದೆ, ಫಲಕವನ್ನೇ ತಿರುಗಿಸಿಬಿಡುತ್ತೇನೆ. "ಏನಮ್ಮಾ, ಹೊಟ್ಟೆ ಮೇಲೆ ಹೊಡೀತೀರಾ?" ಎಂದು ಬೈಸಿಕೊಂಡಿದ್ದೇನೆ. ದಿನವಿಡೀ ಪರರನ್ನು ಹೀಗೆ ಹಿಡಿಯುವ ನನಗೆ, ಮನೆಯಲ್ಲಿ ಮಂಚದ ಮೇಲೆ ಕೂತವರು ಬಾಯಿಪಾಠ ಒಪ್ಪಿಸುತ್ತಿದ್ದಾರೆಂದು ಹೊಳೆಯಲಿಲ್ಲ ನೋಡಿ.

ಈ ನೀರಿನ ಗುಟ್ಟನ್ನು ನನಗೆ ಹೇಳಿದ್ದು ತಂಡದ ಗೋಲ್‌ಕೀಪರ್. ನಮ್ಮವರ ಜೀವದ ಗೆಳೆಯ, ಮಗಳಿಗೆ ಚಿಕ್ಕಪ್ಪನಿದ್ದಂತೆ. ಅವನೇ ಒಂದು ದಿನ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅತ್ತಿಗೆ, ಅವತ್ತು ನೀರು ಕೊಟ್ಟಿದ್ದು ನಾನೇ. ಬೈಯೋದಿದ್ರೆ ಬೈದುಬಿಡಿ."

"ಅವರ ಕಣ್ಣು ಹೇಗಿತ್ತು ಆಗ?"

"ನನ್ನನ್ನೇ ನೋಡ್ತಿದ್ದ. ಆದ್ರೆ ನಾನ್ಯಾರು ಅಂತ ಗೊತ್ತಿದ್ದ ಹಾಗೆ ಕಾಣ್ಲಿಲ್ಲ."

"ಗೊತ್ತಾಗಿಯೂ ಹೇಳ್ಕೊಟ್ಯಲ್ಲೋ ಪುಣ್ಯಾತ್ಮ!"

"ಹೇಳ್ದೇ ಇದ್ದಿದ್ರೆ ಆಚೆ ಹಾಕ್ತಿದ್ರು ಅತ್ತಿಗೆ. ಆಮೇಲೆ ಇವನು ನನ್ನ ಮುಖ ನೋಡ್ತಿದ್ನಾ? ನನಗೂ ಇವನು ಎರಡು ಸಲ ಕೊಟ್ಟಿದಾನೆ." ಅಷ್ಟು ಹೇಳಿ ಆ ಆಳೆತ್ತರದ ಗಂಡಸು ಗೋಡೆಗೆ ತಲೆಯಾನಿಸಿ ಅತ್ತುಬಿಟ್ಟ. ಬೈಯಬೇಕೆಂದಿದ್ದವಳು ನೀರು ಕುಡಿಸಿ ಕಳಿಸಿದೆ.

ನಿಮ್ಮ ಕಚೇರಿಗೂ ಬಂದಿದ್ದೆ. ಗಾಜಿನ ಬೀರುವಿನಲ್ಲಿ ಕಪ್ಪುಗಳು ಫಳಫಳ ಹೊಳೆಯುತ್ತಿದ್ದವು. ಒಳಗೆ ತಾವಿದ್ದಿರಿ, ಹೊರಗೆ ತಮ್ಮ ಸಹಾಯಕರಿದ್ದರು. ತಜ್ಞರು ಹೇಳಿದ್ದನ್ನೆಲ್ಲ ಅವರ ಮುಂದೆ ಹೇಳಿದೆ.

"ಮೂರಕ್ಕೂ ಸರಿಯುತ್ತರ ಕೊಟ್ಟಿದಾರಲ್ಲಮ್ಮ, ಇನ್ನೇನು?" ಎಂದರು.

"ಯಾರೋ ಹೇಳ್ಕೊಟ್ಟಿದ್ದು ಸಾರ್ ಅದು."

"ಹಾಗಂತ ಆಟಗಾರರೇ ಬಂದು ಹೇಳ್ಬೇಕು. ಹೆಂಡ್ತಿ ಹೇಳಿದ್ರೆ ಆಗಲ್ಲ."

ಯಾವ ಮನುಷ್ಯನಿಗೆ ತನಗೆ ನೆನಪು ತಪ್ಪುತ್ತಿದೆ ಎಂಬುದೇ ನೆನಪಿರುವುದಿಲ್ಲವೋ, ಅವನೇ ಬಂದು ನೆನಪಿನಿಂದ ಹೇಳಬೇಕು. ಈ ನಿಯಮ ಬರೆದವರ ತಲೆಗೆ ಯಾವ ಪೆಟ್ಟು ಬಿದ್ದಿತ್ತು ಎಂದು ಕೇಳುವ ಧೈರ್ಯ ಅವತ್ತು ಬರಲಿಲ್ಲ, ಇವತ್ತು ಕೇಳುತ್ತಿದ್ದೇನೆ. ಕ್ಲಬ್ಬಿನವರನ್ನು ಕೇಳಿದರೆ ಮಂಡಳಿಯ ನಿಯಮ ಪಾಲಿಸಿದ್ದೇವೆ ಎನ್ನುತ್ತಾರೆ. ಮಂಡಳಿಯನ್ನು ಕೇಳಿದರೆ ಕ್ಲಬ್ಬಿನವರೇ ನೋಡಿಕೊಳ್ಳಬೇಕು ಎನ್ನುತ್ತೀರಿ. ಇಬ್ಬರೂ ಕೈ ತೊಳೆದುಕೊಂಡಿರಿ. ಆ ತಲೆ ಮಾತ್ರ ನಮ್ಮ ಮನೆಯ ದಿಂಬಿನ ಮೇಲೆ ಇದೆ.

ಶನಿವಾರದ ಪಂದ್ಯ ಎಂಥದೆಂದು ನಿಮಗೆ ಗೊತ್ತು. ಗೆದ್ದರೆ ಕ್ಲಬ್ಬು ಮೇಲಿನ ಲೀಗಿಗೆ ಏರುತ್ತದೆ. ಹದಿನೇಳು ವರ್ಷ ಕೆಳಗೇ ಆಡಿದವರಿಗೆ ಒಮ್ಮೆಯಾದರೂ ಮೇಲೆ ಆಡಿ ಮುಗಿಸಬೇಕೆಂಬ ಆಸೆ. ಆ ಆಸೆ ತಪ್ಪೇ? ನನಗೂ ಅದೇ ಆಸೆ ಇತ್ತು. ನಿಮ್ಮ ವ್ಯವಸ್ಥೆಯ ಚಂದ ನೋಡಿ: ಗೆದ್ದರೆ ಮುಂದಿನ ಸೀಸನ್ನಿನಿಂದ ಅವರ ತಲೆ ಟಿವಿಯಲ್ಲಿ ಬರುತ್ತದೆ, ಆಗ ಡಾಕ್ಟರೂ ಸಿಗುತ್ತಾರೆ, ಆ ಡಾಕ್ಟರು ಮೊದಲ ದಿನವೇ ಇವರನ್ನು ಮನೆಗೆ ಕಳಿಸುತ್ತಾರೆ. ಡಾಕ್ಟರು ಸಿಗಬೇಕಾದರೆ ಮೊದಲು ಇದೇ ತಲೆಯಿಂದ ಶನಿವಾರದ ಆಟ ಗೆದ್ದುಕೊಡಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಶನಿವಾರಕ್ಕೆ ಮೊದಲು ಯಾವ ಕ್ಲಬ್ಬಿಗೂ ಸೇರದ ಡಾಕ್ಟರೊಬ್ಬರನ್ನು ಕಳಿಸಿ. ನಮ್ಮವರನ್ನು ಒಂದು ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ, ನಿಧಾನವಾಗಿ ಪರೀಕ್ಷೆ ಮಾಡಿಸಿ. ಆಡಬಹುದು ಎಂದು ಅವರು ಹೇಳಿದರೆ ಹಲಗೆಯ ಮೆಟ್ಟಿಲ ಮೇಲೆ ಕೂತು ನಾನೇ ಮೊದಲು ಕೂಗುತ್ತೇನೆ. ಆಡಬಾರದು ಎಂದರೆ ನಿಮ್ಮ ಅಧಿಕಾರ ಚಲಾಯಿಸಿ, ಅವರನ್ನು ತಡೆಯಿರಿ. ಇದೇ ಡಾಕ್ಟರು ಕೆಳಗಿನ ಲೀಗಿನ ಎಲ್ಲ ಮೈದಾನಗಳಿಗೂ ಬರಲಿ. ನಮ್ಮ ಗೋಲ್‌ಕೀಪರನಿಗೆ ಇನ್ನು ಯಾರಿಗೂ ನೀರು ಕೊಡುವ ಪಾಡು ಬರದಿರಲಿ. ಲೋಕದಲ್ಲಿ ಹೆಂಡತಿಯರು ಗಂಡನಿಗೊಂದು ಕೆಲಸ ಕೊಡಿ ಎಂದು ಅಧಿಕಾರಿಗಳ ಬಾಗಿಲು ತಟ್ಟುತ್ತಾರೆ. ನಾನು, ಅವರು ಜೀವವಿಟ್ಟುಕೊಂಡ ಕೆಲಸವನ್ನು ಕಿತ್ತುಕೊಳ್ಳಿ ಎಂದು ತಟ್ಟುತ್ತಿದ್ದೇನೆ. ನನಗೆ ಇದು ಸುಲಭವಾಗಿದೆ ಎಂದುಕೊಳ್ಳಬೇಡಿ.

ಅವರ ಬೆನ್ನ ಹಿಂದೆ ಇದನ್ನು ಮಾಡುವ ಮನಸ್ಸಾಗಲಿಲ್ಲ. ಇವತ್ತು ಬೆಳಿಗ್ಗೆ ಪತ್ರವನ್ನು ಪೂರ್ತಿ ಅವರಿಗೆ ಓದಿ ಹೇಳಿದೆ. ಬೂಟಿಗೆ ಅಂಟಿದ ಮಣ್ಣು ಕೆರೆಯುತ್ತಾ ಕೇಳಿಸಿಕೊಂಡರು. ಮಗಳ ಭಾಗ ಬಂದಾಗ ಕೈ ನಿಂತಿತು. ರೇಗುತ್ತಾರೆ ಎಂದುಕೊಂಡಿದ್ದೆ, ರೇಗಲಿಲ್ಲ.

"ಎಲ್ಲಾ ನಿಜ ಕಣೇ," ಎಂದರು. "ಕಳಿಸು."

ನನಗೆ ಉಸಿರು ಬಂತು. ಅವರು ಬೂಟನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

"ಶನಿವಾರ ಆದ್ಮೇಲೆ ಕಳಿಸು."

ಇವತ್ತೇ ಕಳಿಸುತ್ತಿದ್ದೇನೆ.

ಇಂತಿ,
ನಾಳೆಯಿಂದ ಗಂಡ ಮಾತಾಡಿಸುತ್ತಾರೋ ಇಲ್ಲವೋ ತಿಳಿಯದ
ಗೋಡೆಯ ಹೆಂಡತಿ